ಭಾಂಡುಪ್‌ನಿಂದ ಬೋರ್ ಘಾಟಿನವರೆಗೆ



ಮಧ್ಯ ರೈಲ್ವೆಯ ಲೋಕಲ್ ಗಾಡಿಯಲ್ಲಿ ಠಾಣೆಯ ಕಡೆಗೆ ಹೋಗುವಾಗ ಕಾಂಜೂರ್‌ಮಾರ್ಗ್ ಆದ ಮೇಲೆ ಬರುವ ನಿಲ್ದಾಣ ಭಾಂಡುಪ್. ನಿಮ್ಮಲ್ಲಿ ಹೆಚ್ಚಿನವರು ಅಲ್ಲಿ ಇಳಿದಿರಲಿಕ್ಕಿಲ್ಲ. ಇಳಿಯಲು ಕಾರಣವೂ ಇಲ್ಲ. ಪಶ್ಚಿಮಕ್ಕೆ ಇಳಿದು ನಡೆದರೆ ಲಾಲ್ ಬಹಾದ್ದೂರ್ ಶಾಸ್ತ್ರಿ ಮಾರ್ಗ ಸಿಗುತ್ತದೆ. ಹಳಬರು ಅದನ್ನು ಆಗ್ರಾ ರೋಡ್ ಎನ್ನುತ್ತಿದ್ದರು. ಈಗ ಅಲ್ಲಿ ಮುಗಿಲೆತ್ತರದ ಕಟ್ಟಡಗಳು, ಮಾಲ್‌ಗಳು. ಒಂದು ಕಾಲದಲ್ಲಿ ಇದು ಕಾರ್ಖಾನೆಗಳ ರಸ್ತೆ. ಬೆಳಿಗ್ಗೆ ಭೋಂಗಾ ಕೂಗಿತೆಂದರೆ ಡಬ್ಬಿ ಹಿಡಿದ ಜನರ ಹೊಳೆಯೇ ಹರಿಯುತ್ತಿತ್ತಂತೆ. ಆ ಕಾರ್ಖಾನೆಗಳಲ್ಲೊಂದು ಎ.ಪಿ.ಐ., ಅಂದರೆ 1949ರಲ್ಲಿ ಸ್ಥಾಪನೆಯಾದ ಆಟೋಮೊಬೈಲ್ ಪ್ರಾಡಕ್ಟ್ಸ್ ಆಫ್ ಇಂಡಿಯಾ. ಇಟಲಿಯ ಲ್ಯಾಂಬ್ರೆಟ್ಟಾ ಸ್ಕೂಟರನ್ನು ನಮ್ಮ ದೇಶದಲ್ಲಿ ತಯಾರಿಸಿದ ಕಂಪೆನಿ ಅದು.

ಲ್ಯಾಂಬ್ರೆಟ್ಟಾ ಎಂಬ ಹೆಸರು ಒಂದು ಹೊಳೆಯದ್ದು. ಮಿಲಾನ್ ನಗರದ ಅಂಚಿನಲ್ಲಿ ಲ್ಯಾಂಬ್ರೊ ಎಂಬ ನದಿ ಹರಿಯುತ್ತದೆ. ಅದರ ದಡದ ಪ್ರದೇಶ ಲ್ಯಾಂಬ್ರಾತೆ. ಅಲ್ಲಿ ಉಕ್ಕಿನ ಕೊಳವೆ ಮಾಡುತ್ತಿದ್ದ ಫರ್ಡಿನಾಂಡೊ ಇನ್ನೊಚೆಂಟಿ ಎಂಬ ಉದ್ಯಮಿಯ ಕಾರ್ಖಾನೆ ಎರಡನೇ ಮಹಾಯುದ್ಧದಲ್ಲಿ ಬಾಂಬಿಗೆ ತುತ್ತಾಯಿತು. ಯುದ್ಧ ಮುಗಿದ ಮೇಲೆ ಬಡವಾದ ಇಟಲಿಗೆ ಬೇಕಿದ್ದದ್ದು ಅಗ್ಗದ ವಾಹನ. 1946ರಲ್ಲಿ ವೆಸ್ಪಾ ಬಂತು, 1947ರಲ್ಲಿ ಲ್ಯಾಂಬ್ರೆಟ್ಟಾ. ಇಟಲಿಯಲ್ಲಿ ಇದರ ತಯಾರಿಕೆ 1971ರಲ್ಲಿ ನಿಂತಿತು. ಆ ಯಂತ್ರಗಳನ್ನೆಲ್ಲ ನಮ್ಮ ಸರಕಾರ ಕೊಂಡು ಹಡಗಿನಲ್ಲಿ ತಂದು ಲಖನೌದಲ್ಲಿ ಸ್ಕೂಟರ್ಸ್ ಇಂಡಿಯಾ ಎಂಬ ಕಂಪೆನಿಯನ್ನು 1972ರಲ್ಲಿ ಸ್ಥಾಪಿಸಿತು. ನಿಮ್ಮ ತಂದೆ ತಾಯಿ ನೆನಪಿಸಿಕೊಳ್ಳುವ ವಿಜಯ್ ಸೂಪರ್ ಅಲ್ಲಿಯದೇ. ಸ್ಕೂಟರ್ ತಯಾರಿಕೆ ತೊಂಬತ್ತರ ದಶಕದ ಕೊನೆಗೆ ನಿಂತಿತು. ಕಂಪೆನಿಯನ್ನೇ ಮುಚ್ಚುವ ನಿರ್ಧಾರ 2021ರಲ್ಲಿ ಆಯಿತು.

ನಮ್ಮ ಮಾವನವರು ಉಡುಪಿ ಕಡೆಯಿಂದ ಬಂದು, ಹಗಲು ದುಡಿದು, ರಾತ್ರಿ ಶಾಲೆಯಲ್ಲಿ ಕಲಿತು, ಮುಂದೆ ಬ್ಯಾಂಕ್ ಗುಮಾಸ್ತರಾದವರು. 1967ರ ಮಾಡೆಲ್ಲಿನ ಭಾಂಡುಪ್ ಲ್ಯಾಂಬ್ರೆಟ್ಟಾ ಒಂದನ್ನು ಅವರು ಕೊಂಡಿದ್ದರು. ಅವರು ಹೋದ ಮೇಲೆ ಅದು ನಮ್ಮ ಬಿಲ್ಡಿಂಗಿನ ಮೆಟ್ಟಿಲ ಕೆಳಗೆ ಗೋಣಿ ಹೊದ್ದು ಕುಳಿತಿತ್ತು. ನಮ್ಮ ಸೊಸೈಟಿ ರೀಡೆವಲಪ್‌ಮೆಂಟಿಗೆ ಹೋದಾಗ ಮನೆ ಖಾಲಿ ಮಾಡಬೇಕಾಗಿ ಬಂತು. ಬಾಡಿಗೆ ಮನೆಗೆ ನಿಂತ ಸ್ಕೂಟರನ್ನು ಕೊಂಡೊಯ್ಯುವುದೆಲ್ಲಿಗೆ? ಗುಜರಿಯವನು ತೂಕದ ಲೆಕ್ಕದಲ್ಲಿ ಬೆಲೆ ಹೇಳಿ ಹೋದ. ಆಗ ನನ್ನ ಮಗ, "ನಾಲ್ಕು ತಿಂಗಳು ಕೊಡಿ, ಓಡಿಸಿ ತೋರಿಸುತ್ತೇನೆ, ಅದೂ ಅಜ್ಜನ ಕಾಲಕ್ಕಿಂತ ಚೆನ್ನಾಗಿ" ಎಂದ. ಅವನು ನಿಮ್ಮ ಓರಗೆಯವನು. ಮನೆಯಲ್ಲಿ ಕನ್ನಡ ಮಾತಾಡುತ್ತಾನೆ, ಓದಲು ಬರುತ್ತಿರಲಿಲ್ಲ.

ಹಳೆಯ ಇಂಜಿನ್ನನ್ನು ಹೊಸ ಬಿಡಿಭಾಗಗಳಿಂದ ಬಲಪಡಿಸುವುದಕ್ಕೆ ಹುಡುಗರು 'ಟ್ಯೂನಿಂಗ್' ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಬಿ.ಎ. ಮಾಡಿದ ನನಗೆ ಆ ಶಬ್ದ ಹೊಸದಲ್ಲ. ಆದರೆ ಅದರ ಅರ್ಥ ಸ್ಪಷ್ಟವಾದದ್ದು ಕನ್ನಡದ 'ಶ್ರುತಿ ಸೇರಿಸುವುದು' ಎಂಬ ಮಾತಿನಿಂದ. ತಂಬೂರಿಯ ಒಂದೇ ತಂತಿಯನ್ನು ಬಿಗಿಮಾಡಿದರೆ ಸಂಗೀತವಾಗುವುದಿಲ್ಲ, ಅಪಸ್ವರವಾಗುತ್ತದೆ. ಇಂಜಿನ್ನೂ ಹಾಗೆಯೇ. ಒಂದು ಭಾಗ ಬದಲಾಯಿಸಿದರೆ ಉಳಿದವನ್ನೆಲ್ಲ ಅದಕ್ಕೆ ಹೊಂದಿಸಬೇಕು.

ಬಿಡಿಭಾಗ ಹುಡುಕಲು ಮೊದಲು ಹೋದದ್ದು ಕುರ್ಲಾಕ್ಕೆ. ಕುರ್ಲಾ ಪಶ್ಚಿಮದ ಸಿ.ಎಸ್.ಟಿ. ರಸ್ತೆಯ ಗುಜರಿ ಅಂಗಡಿಗಳನ್ನು ನೀವು ರಿಕ್ಷಾದಲ್ಲಿ ಕುಳಿತು ನೋಡಿರಬಹುದು. ಇಳಿದು ನೋಡಿದರೆ ಅದೊಂದು ಬೇರೆಯೇ ಊರು. ಕಾರಿನ ಬಾಗಿಲುಗಳು ಪುಸ್ತಕಗಳಂತೆ ಸಾಲಾಗಿ ನಿಂತಿರುತ್ತವೆ. ಹಬ್ಬದ ಬಾಳೆಗೊನೆಗಳ ಹಾಗೆ ಸೈಲೆನ್ಸರುಗಳು ತೂಗಾಡುತ್ತವೆ. ನೆಲವೆಲ್ಲ ಎಣ್ಣೆ ಕುಡಿದು ಕಪ್ಪು. ಒಂದು ಅಂಗಡಿಯಲ್ಲಿ ಲಖನೌ ಗುರುತಿನ ಗೇರುಗಳು ಇನ್ನೂ ಗ್ರೀಸ್ ಕಾಗದದಲ್ಲೇ ಇದ್ದವು. ಇನ್ನೊಂದರಲ್ಲಿ ಇಟಲಿಯಿಂದ ಬಂದ ಹೊಸ ಕ್ಲಚ್ ಪ್ಲೇಟುಗಳು. ಇಲ್ಲಿಯ ಹಳೆಯ ಲ್ಯಾಂಬ್ರೆಟ್ಟಾಗಳು ಎಷ್ಟೋ ವರ್ಷಗಳಿಂದ ಬ್ರಿಟನ್ನಿಗೆ ಹೋಗುತ್ತಿವೆ. ಅಲ್ಲಿಯ ಪ್ರೇಮಿಗಳು ಅವಕ್ಕಾಗಿ ಮಾಡಿದ ಹೊಸ ಭಾಗಗಳು ಇಲ್ಲಿಗೆ ಬರುತ್ತವೆ. ಹೀಗೆ ಮಿಲಾನ್, ಭಾಂಡುಪ್, ಲಖನೌ, ಬ್ರಿಟನ್ ಎಲ್ಲವೂ ಕುರ್ಲಾದ ಒಂದೇ ಹಲಗೆಯ ಮೇಲೆ ಕುಳಿತಿದ್ದವು.

ಮಗನ ಕಣ್ಣು ಬಿದ್ದದ್ದು ದೊಡ್ಡ ಸಿಲಿಂಡರ್ ಕಿಟ್ಟಿನ ಮೇಲೆ. ಲೆಕ್ಕ ಸುಲಭ, ನೀವೇ ಮಾಡಿ ನೋಡಿ. ನಮ್ಮ ಇಂಜಿನ್ನಿನ ಸಿಲಿಂಡರಿನ ವ್ಯಾಸ 57 ಮಿಲಿಮೀಟರ್, ಪಿಸ್ಟನ್ ಚಲಿಸುವ ದೂರ 58. ಘನಗಾತ್ರದ ಲೆಕ್ಕ ಹಾಕಿದರೆ 148 ಸಿ.ಸಿ. ಬರುತ್ತದೆ. ವ್ಯಾಸವನ್ನು 64ಕ್ಕೆ ಏರಿಸಿದರೆ 186 ಸಿ.ಸಿ.; 70ಕ್ಕೆ ಏರಿಸಿದರೆ 223. ಬ್ರಿಟನ್ನಿನಲ್ಲಿ 1980ರ ದಶಕದಲ್ಲಿ ಬಂದ ಟಿ.ಎಸ್. 1 ಎಂಬ ಪ್ರಸಿದ್ಧ ಅಲ್ಯೂಮಿನಿಯಂ ಸಿಲಿಂಡರಿನ ವ್ಯಾಸ ಈ 70ರದ್ದೇ. ಕಂಪೆನಿ ಕೊಟ್ಟ ಸುಮಾರು ಆರೂವರೆ ಅಶ್ವಶಕ್ತಿಯನ್ನು ಮೂರು ಪಟ್ಟು ಮಾಡಿದವರೂ ಇದ್ದಾರೆ ಎಂದು ಮಗ ಹೇಳುವಾಗ ಅವನ ಮುಖ ನೋಡಬೇಕಿತ್ತು.

ಸಿಲಿಂಡರ್ ದೊಡ್ಡದಾದರೆ ಅದು ಕೂರುವ ಕೇಸಿಂಗಿನ ಬಾಯಿಯನ್ನೂ ಕೆಲವೊಮ್ಮೆ ಕಡೆದು ಅಗಲಿಸಬೇಕಾಗುತ್ತದೆ. ಕೇಸಿಂಗ್ ಎಂದರೆ ಇಂಜಿನ್ನಿನ ಹೊರಕವಚ. ಇಂಜಿನ್ ನಂಬರ್ ಕೆತ್ತಿರುವುದು ಅದರ ಮೇಲೆ. ಒಮ್ಮೆ ಕಡೆದದ್ದು ಮತ್ತೆ ಬೆಳೆಯುವುದಿಲ್ಲ. ಈ ಗೊಂದಲದಲ್ಲಿದ್ದಾಗಲೇ ಮನೆ ಖಾಲಿ ಮಾಡುವ ಗಡಿಬಿಡಿಯಲ್ಲಿ ಮಾವನವರ ಟ್ರಂಕಿನಿಂದ ಒಂದು ನೋಟುಬುಕ್ಕು ಸಿಕ್ಕಿತು. ರಟ್ಟಿನ ಮೇಲೆ 'ಸ್ಕೂಟರ್' ಎಂದು ಕನ್ನಡದಲ್ಲಿ ಬರೆದಿತ್ತು. ಒಳಗೆ ಪೆಟ್ರೋಲ್, ಆಯಿಲ್, ಟಯರು, ರಿಪೇರಿ, ಎಲ್ಲದರ ತಾರೀಕು ಸಹಿತ ಲೆಕ್ಕ.

"ಅಮ್ಮಾ, ಇದರಲ್ಲಿ ಏನಿದೆ, ಓದಿ ಹೇಳು" ಎಂದ ಮಗ.

ಓದಿದೆ. 1979ರಲ್ಲಿ ಮೊದಲ ಸಲ ಬೋರ್ ಮಾಡಿಸಿದ್ದರು. ಅದರ ಕೆಳಗೆ ಸಣ್ಣಕ್ಷರದಲ್ಲಿ, ಸಿಲಿಂಡರನ್ನು ಹಿಡಿಯುವ ನಾಲ್ಕು ಸ್ಟಡ್‌ಗಳಲ್ಲಿ ಕೆಳಗಿನದೊಂದರ ಥ್ರೆಡ್ ಹೋಗಿತ್ತು, ಬುಷ್ ಹಾಕಿಸಿದೆ ಎಂದಿತ್ತು. ಮಗ ಟಾರ್ಚ್ ಹಿಡಿದು ನೋಡಿದ. ಎಣ್ಣೆ ಜಿಡ್ಡಿನಡಿಯಲ್ಲಿ ಆ ಬುಷ್ ಇದ್ದೇ ಇತ್ತು. ಲೇತ್ ಅಂಗಡಿಯ ಕಾಕಾ ಬೆರಳಿಟ್ಟು ಹೇಳಿದರು: ಈ ಜಾಗ ಒಮ್ಮೆ ದುರಸ್ತಿಯಾದದ್ದು, ಇದರ ಪಕ್ಕದಲ್ಲೇ ಲೋಹ ಕಡೆದು, ಮೇಲೆ ಹೆಚ್ಚು ಒತ್ತಡದ ಸಿಲಿಂಡರ್ ಕೂರಿಸಿದರೆ ಒಂದು ದಿನ ಸೀಳುತ್ತದೆ.

ದೊಡ್ಡ ಕಿಟ್ಟಿನ ಆಸೆ ಅಲ್ಲಿಗೇ ಮುಗಿಯಿತು. ಕಾನೂನಿನ ಮಾತೂ ಇತ್ತು. ಮೋಟಾರು ವಾಹನ ಕಾಯಿದೆಯ 52ನೇ ಕಲಮಿನಂತೆ, ನೋಂದಣಿ ಪುಸ್ತಕದ ವಿವರಕ್ಕೆ ಹೊಂದದ ಹಾಗೆ ವಾಹನವನ್ನು ಬದಲಾಯಿಸುವಂತಿಲ್ಲ. ಇಂಜಿನ್ ಸಾಮರ್ಥ್ಯ ಬದಲಿಸುವ ಯೋಚನೆ ಇದ್ದವರು ಕೊಳ್ಳುವ ಮೊದಲೇ ಆರ್.ಟಿ.ಓ. ಕಚೇರಿಯಲ್ಲಿ ವಿಚಾರಿಸಬೇಕು. ಹದಿನೈದು ವರ್ಷ ದಾಟಿದ ವಾಹನದ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕೆಂಬುದೂ ನೆನಪಿರಲಿ. ಕೊನೆಗೆ ಆದ ತೀರ್ಮಾನ: ಅಜ್ಜನ ಸಿಲಿಂಡರೇ ಇರಲಿ, ಇನ್ನೊಂದು ಸುತ್ತು ಬೋರ್ ಮಾಡಿ 57.4 ಮಿಲಿಮೀಟರಿಗೆ ತರುವುದು. 150 ಸಿ.ಸಿ.ಯ ಗಾಡಿ 150 ಸಿ.ಸಿ. ಆಗಿಯೇ ಉಳಿಯುತ್ತದೆ. ಬಲ ಬರಬೇಕಾದದ್ದು ಗಾತ್ರದಿಂದಲ್ಲ, ಹೊಂದಾಣಿಕೆಯಿಂದ.

ಲೇತ್ ಕಾಕಾನ ಮೊದಲ ಪ್ರಶ್ನೆ, "ಪಿಸ್ಟನ್ ಎಲ್ಲಿ?" ಎಂದು. ಪಿಸ್ಟನ್ ತಾರದೆ ಸಿಲಿಂಡರನ್ನು ಬೋರ್ ಮಾಡಿಸಬಾರದು. ಅಳತೆ ಒಂದೇ ಎಂದು ಬರೆದಿದ್ದರೂ ಒಂದೊಂದು ಪಿಸ್ಟನ್ನಿಗೆ ಕೂದಲೆಳೆಯ ವ್ಯತ್ಯಾಸವಿರುತ್ತದೆ. ರವಿಕೆ ಹೊಲಿಯುವವಳು ಅಳತೆಗೆ ಮೈಯನ್ನೇ ಕೇಳುವ ಹಾಗೆ ಇದು. ಬೋರ್ ಆದ ಮೇಲೆ ಒಳಗಿನ ಕಿಂಡಿಗಳ ಅಂಚನ್ನು ನಯವಾಗಿ ಸವರಬೇಕು. ಇಲ್ಲವಾದರೆ ರಿಂಗು ಅಂಚಿಗೆ ಸಿಕ್ಕಿ ಮುರಿಯುತ್ತದೆ.

ಉಳಿದ ಜೋಡಣೆ ನಮ್ಮ ಮನೆಯಲ್ಲೇ ನಡೆಯಿತು. ಒಂದು ದಿನ ಫ್ರಿಜ್ ತೆರೆದರೆ ಐಸ್ ಟ್ರೇಯ ಪಕ್ಕದಲ್ಲಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಬೇರಿಂಗ್! ಕಾರಣ ಕೇಳಿದಾಗ ಮಗ ವಿವರಿಸಿದ. ಬಿಸಿಗೆ ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಕೇಸಿಂಗನ್ನು ಬಿಸಿಗಾಳಿಯ ಗನ್ನಿನಿಂದ ಕಾಯಿಸಿ, ತಣ್ಣಗೆ ಕುಗ್ಗಿದ ಬೇರಿಂಗನ್ನು ಇಟ್ಟರೆ ಸುತ್ತಿಗೆಯಿಲ್ಲದೆ ತಾನೇ ಕೂರುತ್ತದೆ. ಕಾದದ್ದು ಸಾಕೇ ಎಂದು ತಿಳಿಯುವ ಬಗೆ ನನಗೆ ಗೊತ್ತಿತ್ತು. ದೋಸೆ ಕಾವಲಿಗೆ ಚಿಮುಕಿಸುವ ಹಾಗೆ ಒಂದು ಹನಿ ನೀರು ಚಿಮುಕಿಸಿದೆ. ಚುಂಯ್ ಎಂದಿತು. ಬೇರಿಂಗ್ 'ಟಕ್' ಎಂದು ಕುಳಿತಿತು.

ಮುಂದಿನದು ತಲೆಯ ಅಳತೆ. ಪಿಸ್ಟನ್ ತುತ್ತತುದಿಗೆ ಬಂದಾಗ ಅದರ ಅಂಚಿಗೂ ಸಿಲಿಂಡರ್ ಹೆಡ್ಡಿಗೂ ನಡುವೆ ಉಳಿಯುವ ಸಂದಿಗೆ 'ಸ್ಕ್ವಿಶ್' ಎನ್ನುತ್ತಾರೆ. ಮಧ್ಯೆ ಬೆಸುಗೆಯ ತಂತಿಯನ್ನಿಟ್ಟು ಇಂಜಿನ್ನನ್ನು ಕೈಯಿಂದ ತಿರುಗಿಸಿ, ಚಪ್ಪಟೆಯಾದ ತುದಿಯನ್ನು ಅಳೆಯುತ್ತಾರೆ. ಹೆಚ್ಚು ಕಡಿಮೆ 1.2ರಿಂದ 1.5 ಮಿಲಿಮೀಟರ್ ಇದ್ದರೆ ಒಳ್ಳೆಯದು. ಸಂದಿ ಅಗಲವಾದರೆ ಉರಿಯುವಿಕೆ ಸೋಮಾರಿ. ತೀರ ಕಡಿಮೆಯಾದರೆ ಪಿಸ್ಟನ್ ಹೆಡ್ಡಿಗೆ ತಾಗುತ್ತದೆ.

ಇನ್ನು ಈ ಟೂ ಸ್ಟ್ರೋಕ್ ಇಂಜಿನ್ನಿನ ಮರ್ಮ. ನಮ್ಮ ಲ್ಯಾಂಬ್ರೆಟ್ಟಾದಲ್ಲಿ ಕವಾಟಗಳಿಲ್ಲ. ಸಿಲಿಂಡರಿನ ಗೋಡೆಯಲ್ಲಿ ಕಿಂಡಿಗಳಿವೆ. ಪಿಸ್ಟನ್ನೇ ಮೇಲೆ ಕೆಳಗೆ ಹೋಗುತ್ತ ಅವನ್ನು ತೆರೆದು ಮುಚ್ಚುತ್ತದೆ. ಯಾವ ಕಿಂಡಿ ಎಷ್ಟು ಹೊತ್ತು ತೆರೆದಿರಬೇಕು ಎಂಬುದೇ ಟ್ಯೂನಿಂಗಿನ ಹೃದಯ. ಇದನ್ನು ಡಿಗ್ರಿ ಗುರುತಿಸಿದ ತಟ್ಟೆಯಿಂದ ಅಳೆಯುತ್ತಾರೆ. ಹೊಗೆಯ ಕಿಂಡಿಯನ್ನು ಸ್ವಲ್ಪ ಎತ್ತರಿಸಿದರೆ ವೇಗದಲ್ಲಿ ಬಲ ಬರುತ್ತದೆ, ಆದರೆ ನಿಧಾನದಲ್ಲಿ ಎಳೆಯುವ ಶಕ್ತಿ ಕುಗ್ಗುತ್ತದೆ. ರೇಸಿನವರು ಹೆಚ್ಚು ಅರೆಯುತ್ತಾರೆ. ಇಬ್ಬರು ಕುಳಿತು ಘಾಟಿ ಹತ್ತಬೇಕಾದ ನಮ್ಮ ಗಾಡಿಗೆ ಮಗ ಅರವನ್ನು ಬಹಳ ಹಿಡಿತದಲ್ಲಿ ಆಡಿಸಿದ.

ಸೈಲೆನ್ಸರಿನ ಕಥೆ ಪತ್ತೇದಾರಿ ಕಾದಂಬರಿಯಂತಿದೆ. ಹೊಗೆ ಹೊರಗೆ ನುಗ್ಗುವಾಗ ಒತ್ತಡದ ಅಲೆಯೊಂದು ಏಳುತ್ತದೆ. ಕೊಳವೆಯ ಆಕಾರ ಸರಿಯಾಗಿದ್ದರೆ ಆ ಅಲೆ ಮರಳಿ ಬಂದು, ಹೊಗೆಯ ಜೊತೆ ಓಡಿಹೋಗುತ್ತಿದ್ದ ಹೊಸ ಪೆಟ್ರೋಲ್ ಗಾಳಿಯನ್ನು ಒಳಕ್ಕೆ ತಳ್ಳುತ್ತದೆ. ಇದನ್ನು ಪಳಗಿಸಿದವರು ಪೂರ್ವ ಜರ್ಮನಿಯ ಎಂ.ಜೆಡ್. ಕಂಪೆನಿಯ ಇಂಜಿನಿಯರ್ ವಾಲ್ಟರ್ ಕಾಡೆನ್. ಅವರ ಸವಾರ ಅರ್ನ್ಸ್ಟ್ ಡೆಗ್ನರ್ 1961ರಲ್ಲಿ ಸ್ವೀಡನ್ನಿನ ಪಂದ್ಯದ ವೇಳೆ ದೇಶ ಬಿಟ್ಟು ಓಡಿ, ಆ ವಿದ್ಯೆಯೊಂದಿಗೆ ಜಪಾನಿನ ಸುಝುಕಿಯನ್ನು ಸೇರಿದ. ಮರುವರ್ಷವೇ ಸುಝುಕಿ 50 ಸಿ.ಸಿ.ಯ ವಿಶ್ವ ಪ್ರಶಸ್ತಿ ಗೆದ್ದಿತು. ನಮ್ಮ ಗಾಡಿಗೆ ಮಗ ತಂದದ್ದು ಅದೇ ವಿದ್ಯೆಯ ಸೌಮ್ಯ ರೂಪ: ಹೊರಗೆ ಹಳೆಯದರಂತೆಯೇ ಕಾಣುವ, ಒಳಗೆ ದಾರಿ ಸುಗಮವಾದ, ನೆರೆಹೊರೆಯವರ ನಿದ್ದೆ ಕೆಡಿಸದ ಸೈಲೆನ್ಸರ್.

ಹಳೆಯ ಪ್ಲಾಟಿನಂ ಪಾಯಿಂಟಿನ ಜಾಗಕ್ಕೆ 12 ವೋಲ್ಟಿನ ಎಲೆಕ್ಟ್ರಾನಿಕ್ ಇಗ್ನಿಷನ್ ಬಂತು, ಸ್ವಲ್ಪ ದೊಡ್ಡ ಕಾರ್ಬ್ಯುರೇಟರ್ ಬಂತು. ಗಾಳಿ ಹೆಚ್ಚಾದರೆ ಪೆಟ್ರೋಲೂ ಹೆಚ್ಚಬೇಕು. ಅದಕ್ಕೆ ಜೆಟ್ ಎಂಬ ಸಣ್ಣ ಹಿತ್ತಾಳೆಯ ತೂತು ಬದಲಿಸಬೇಕು. ಈಗ ಪಂಪಿನಲ್ಲಿ ಸಿಗುವುದು 20 ಪ್ರತಿಶತ ಎಥನಾಲ್ ಬೆರೆತ ಪೆಟ್ರೋಲ್. ಅದು ಹಳೆಯ ರಬ್ಬರ್ ಪೈಪು, ಸೀಲುಗಳನ್ನು ಹಾಳುಮಾಡುತ್ತದೆ, ಜೆಟ್ಟೂ ಒಂದು ಗಾತ್ರ ಹೆಚ್ಚು ಬೇಡುತ್ತದೆ. ಸರಿಯಾಯಿತೋ ಇಲ್ಲವೋ ಎಂದು ಹೇಳುವುದು ಸ್ಪಾರ್ಕ್ ಪ್ಲಗ್ಗಿನ ಬಣ್ಣ. ಬಿಳಿಚಿದ್ದರೆ ಪೆಟ್ರೋಲ್ ಸಾಲದು, ಇಂಜಿನ್ ಕಾದು ಪಿಸ್ಟನ್ ಹಿಡಿದುಕೊಳ್ಳಬಹುದು. ಕಪ್ಪಾಗಿದ್ದರೆ ಹೆಚ್ಚಾಯಿತು. ಹದವಾಗಿ ಹುರಿದ ಕಾಫಿ ಬೀಜದ ಬಣ್ಣ ಬರಬೇಕು. ಮಾವನವರ ಪುಸ್ತಕದಲ್ಲಿ ಪ್ಲಗ್ ಎಂದಲ್ಲೆಲ್ಲ 'ಮೈಕೊ' ಎಂದೇ ಇತ್ತು. ಅದು 1951ರಲ್ಲಿ ಆರಂಭವಾದ, ಬೆಂಗಳೂರಿನ ಕಂಪೆನಿ. 2008ರಿಂದ ಅದರ ಹೆಸರು ಬಾಷ್. ಊರು ಬಿಟ್ಟು ಬಂದವರ ಸ್ಕೂಟರಿನಲ್ಲಿ ಕಿಡಿ ಊರಿನದೇ!

ಗಾಡಿಯ ಬಲ ಹೆಚ್ಚಿಸುವ ಮೊದಲು ಅದನ್ನು ನಿಲ್ಲಿಸುವ ಬಲ ನೋಡಬೇಕೆಂದು ನಾನು ಹಟ ಹಿಡಿದೆ. ಬ್ರೇಕಿನ ಲೈನರು, ಕೇಬಲ್ಲು, ಟಯರು ಎಲ್ಲವೂ ಹೊಸದಾದವು. ಮೊದಲ 500 ಕಿಲೋಮೀಟರ್ ಮುಲುಂಡ್, ಠಾಣೆಗಳ ನಡುವೆ ನಿಧಾನವಾಗಿ ಓಡಿಸಿ ಪಳಗಿಸಿದ. ಆಮೇಲೆ ಪರೀಕ್ಷೆ ಎಲ್ಲಿ? ಆ ವೇಳೆಗೆ ಅವನು ಅಕ್ಷರ ಕೂಡಿಸಿ ಓದಲು ಕಲಿತಿದ್ದ, ಕಾರಣ ಪ್ರತಿ ಸಲ ನನ್ನನ್ನು ಅಡಿಗೆಮನೆಯಿಂದ ಕರೆಯುವುದು ಅವನಿಗೂ ಬೇಸರವಾಗಿತ್ತು. ನೋಟುಬುಕ್ಕಿನ ಒಂದು ಸಾಲನ್ನು ತಾನೇ ಓದಿದ: ಖಂಡಾಳಾ ಘಾಟಿ, ಎರಡನೇ ಗೇರು, ಶಿಂಗ್ರೋಬಾ ಬಳಿ ಇಂಜಿನ್ ಬಿಸಿ, ಹತ್ತು ನಿಮಿಷ ನಿಂತೆವು.

ಒಂದು ಭಾನುವಾರ ನಸುಕಿಗೇ ಹೊರಟೆವು. ಹಿಂದೆ ನಾನು, ಚೂಡಿದಾರ ಹಾಕಿ, ತಲೆಗೆ ಹೆಲ್ಮೆಟ್ ಕಟ್ಟಿಕೊಂಡು. ಎಕ್ಸ್‌ಪ್ರೆಸ್ ವೇಯಲ್ಲಿ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ. ಪನವೇಲ್ ದಾಟಿ ಹಳೆಯ ಪುಣೆ ರಸ್ತೆಯನ್ನೇ ಹಿಡಿದೆವು. ಅವಸರದವರೆಲ್ಲ ಆಚೆ ರಸ್ತೆಗೆ ಹೋಗಿರುವುದರಿಂದ ಈ ರಸ್ತೆಗೆ ಈಗ ಒಂದು ನೆಮ್ಮದಿ ಇದೆ. ಖೋಪೋಲಿಯಲ್ಲಿ ಚಹಾಕ್ಕೆ ನಿಂತೆವು. ಎದುರಿಗೆ ಸಹ್ಯಾದ್ರಿ ಗೋಡೆಯ ಹಾಗೆ ಎದ್ದು ನಿಂತಿತ್ತು. ಆ ಗೋಡೆಯ ಮೇಲಿನ ಕೆರೆಗಳ ನೀರನ್ನು ಕೆಳಕ್ಕಿಳಿಸಿ ಟಾಟಾದವರು 1915ರಿಂದ ಇಲ್ಲಿ ವಿದ್ಯುತ್ ತೆಗೆಯುತ್ತಿದ್ದಾರೆ. ಮಗ ಪ್ಲಗ್ ಬಿಚ್ಚಿ ನೋಡಿದ. ಕಾಫಿ ಬೀಜ!

ಘಾಟಿ ಶುರುವಾಯಿತು. ತಿರುವಿಗೊಂದು ತಿರುವು, ಕೆಳಗೆ ಕಣಿವೆ, ದೂರದಲ್ಲಿ 1863ರಲ್ಲಿ ಈ ಬೆಟ್ಟವನ್ನು ಹತ್ತಿದ ರೈಲಿನ ದಾರಿ. ಮೂರನೇ ಗೇರಿನಲ್ಲಿ ಗಾಡಿ ಏದುಸಿರಿಲ್ಲದೆ ಏರುತ್ತಿತ್ತು. ಒಂದು ಬೈಕು ನಮ್ಮನ್ನು ಹಿಂದೆ ಹಾಕಿತು. ಮಗನ ಬಲಗೈ ಒಂದು ಕ್ಷಣ ತಿರುಗಿದ್ದು ನನಗೆ ಬೆನ್ನ ಹಿಂದಿನಿಂದಲೇ ತಿಳಿಯಿತು. ಮತ್ತೆ ತಾನೇ ಸಡಿಲಿಸಿದ. ನಾನು ಏನೂ ಹೇಳಲಿಲ್ಲ. ಟ್ಯೂನ್ ಮಾಡಿದ ಇಂಜಿನ್ ಪೂರ್ತಿ ವೇಗದಲ್ಲಿ ಹಿಡಿದುಕೊಂಡರೆ ಹಿಂದಿನ ಚಕ್ರವೇ ಲಾಕ್ ಆಗುತ್ತದೆ. ಕ್ಲಚ್ ಒತ್ತಲು ಸಿಗುವುದು ಕಣ್ಣು ಮಿಟುಕಿಸುವಷ್ಟು ಹೊತ್ತು. ಒಳಗಿನ ಪ್ರತಿಯೊಂದು ಅಳತೆಯನ್ನೂ ಸ್ವಂತ ಕೈಯಿಂದ ತೆಗೆದವನಿಗೆ ಅದನ್ನು ಬೇರೆಯವರು ಹೇಳಬೇಕಾಗಿಲ್ಲ.

ಶಿಂಗ್ರೋಬಾನ ಗುಡಿ ರಸ್ತೆಯ ಬದಿಗೇ ಇದೆ. ಇಂಗ್ಲಿಷರಿಗೆ ಈ ಘಾಟಿಯ ದಾರಿ ತೋರಿಸಿದವನು ಶಿಂಗ್ರೋಬಾ ಎಂಬ ಕುರುಬ ಎಂದು ಇಲ್ಲಿಯವರು ಹೇಳುತ್ತಾರೆ. ಹೋಗಿ ಬರುವ ಡ್ರೈವರುಗಳು ಕೈಮುಗಿದೇ ಮುಂದೆ ಸಾಗುತ್ತಾರೆ. ದಾರಿ ತೋರಿಸಿದವನಿಗೆ ಗುಡಿ ಕಟ್ಟಿದ ಆ ಜನರ ಬುದ್ಧಿ ನನಗೆ ಮೆಚ್ಚಿಗೆಯಾಯಿತು. ನಾವೂ ನಿಂತೆವು. ಇಂಜಿನ್ ಕಾದಿರಲಿಲ್ಲ, ಕೈಮುಗಿಯಲೆಂದು ನಿಂತೆವು.

ಖಂಡಾಳಾದಲ್ಲಿ ಗಾಳಿ ತಣ್ಣಗಿತ್ತು. ಲೋಣಾವಳದಿಂದ ಚಿಕ್ಕಿ ಕಟ್ಟಿಸಿಕೊಂಡು ಸಂಜೆಗೆ ಮುಂಬಯಿ ಸೇರಿದೆವು. ಗಾಡಿಗೆ ಈಗ ಬಾಡಿಗೆ ಮನೆಯ ಅಂಗಳದಲ್ಲಿ ಜಾಗ ಸಿಕ್ಕಿದೆ, ಓಡುವ ಗಾಡಿಗೆ ಎಲ್ಲಿಯೂ ಜಾಗ ಸಿಗುತ್ತದೆ.

ನೀವು ಸ್ಕೂಟರ್ ಕಟ್ಟಬೇಕೆಂದು ನಾನು ಇದನ್ನು ಬರೆದದ್ದಲ್ಲ. ಕಟ್ಟುವುದಾದರೆ ಮೊದಲು ಅಳೆಯಿರಿ, ಆಮೇಲೆ ಕೊಳ್ಳಿ. ಬಿಚ್ಚಿದ ಹಳೆಯ ಭಾಗವನ್ನು ಎಣ್ಣೆ ಸವರಿ ಕಟ್ಟಿಡಿ, ಎಸೆಯಬೇಡಿ. ನಮ್ಮ ಗಾಡಿಯಲ್ಲಿ ಪಿಸ್ಟನ್ ಹೊಸದು, ಕಿಡಿ ಹೊಸದು, ಉಸಿರಾಡುವ ಬಗೆ ಹೊಸದು. ಕೇಸಿಂಗ್ ಮಾತ್ರ ಭಾಂಡುಪ್‌ನದು. ಅದರ ಬಲವೆಷ್ಟು, ದುರ್ಬಲ ಜಾಗ ಯಾವುದು ಎಂದು ತಿಳಿದದ್ದು ಒಂದು ಕನ್ನಡದ ಸಾಲಿನಿಂದ. ಆ ಸಾಲನ್ನು ಓದುವವರು ಮನೆಯಲ್ಲಿ ಒಬ್ಬರಾದರೂ ಇದ್ದರು. ನಿಮ್ಮ ಮನೆಯ ಅಟ್ಟದಲ್ಲೂ ಟ್ರಂಕು ಇರಬಹುದು, ಅದರಲ್ಲಿ ಲೆಕ್ಕದ ಪುಸ್ತಕವೋ, ಕಾಗದದ ಕಟ್ಟೋ ಇರಬಹುದು. ಈ ರಜೆಯಲ್ಲಿ ಕೆಳಗಿಳಿಸಿ ನೋಡಿ. ಓದಿ ಹೇಳುವವರು ಇರುವಾಗಲೇ ಕೇಳಿಕೊಳ್ಳಿ; ಸಾಧ್ಯವಾದರೆ ಓದಲು ನೀವೇ ಕಲಿಯಿರಿ. ನಮ್ಮ ಸಂಘದಲ್ಲಿ ಕಲಿಸುವ ಹಿರಿಯರಿಗೇನೂ ಕೊರತೆಯಿಲ್ಲ.